ಹಳೇ ಜಿಪ್ಸಿಗೆ ಲಿಫ್ಟ್ ಕಿಟ್: ಯಾವುದು ಹಾಕಿಸಲಿ, ಎಷ್ಟು ಎತ್ತರ ಮಾಡಿಸಲಿ?

ಮೂಡಿಗೆರೆ ಜಿಪ್ಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1999ರ ಮಾರುತಿ ಜಿಪ್ಸಿ ಕಿಂಗ್ ಇದೆ. 1298 ಸಿಸಿ, ಕಾರ್ಬ್ಯುರೇಟರ್ ಇಂಜಿನ್, ಸಾಫ್ಟ್ ಟಾಪ್. ಅಪ್ಪ ತಗೊಂಡ ಗಾಡಿ, ಈಗ ನಾನು ಓಡಿಸುತ್ತಿದ್ದೇನೆ. ಇದು ಶೋಕಿ ಗಾಡಿ ಅಲ್ಲ. ಗೊಬ್ಬರದ ಚೀಲ, ಕಾಫಿ ಮೂಟೆ, ಮಳೆಗೆ ಮುಂಚೆ ಬೋರ್ಡೊ ಔಷಧಿ ಹೊಡೆಯುವಾಗ 200 ಲೀಟರ್ ಡ್ರಮ್ಮು, ಎಲ್ಲಾ ಇದರಲ್ಲೇ ಹೋಗಬೇಕು.

ನಮ್ಮ ತೋಟದ ಮೇಲಿನ ಬ್ಲಾಕಿಗೆ ಹೋಗುವ ದಾರಿ ಮಳೆಗಾಲದಲ್ಲಿ ಕೆಟ್ಟುಹೋಗುತ್ತದೆ. ಎರಡು ಚಕ್ರದ ಜಾಡು ಇಳಿದು ಇಳಿದು ನಡುವೆ ಮಣ್ಣಿನ ದಿಂಡು ನಿಂತುಬಿಟ್ಟಿದೆ. ಕಳೆದ ಜುಲೈಯಲ್ಲಿ ಹಿಂದಿನ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರದ ನಡುವಿನ ಗೇರ್ ಡಬ್ಬ, ಆ ದಿಂಡಿನ ಮೇಲೆ ಕೂತಿತು. ಫೋರ್ ಲೋ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್) ಹಾಕಿದರೂ ಚಕ್ರ ಸುಮ್ನೆ ತಿರುಗುತ್ತಿತ್ತು. ನಾನೂ ನಮ್ಮ ಆಳೂ ಮಳೆಯಲ್ಲೇ ಹಾರೆ ಹಿಡಿದು ಎರಡು ಗಂಟೆ ಅಗೆದೆವು.

ಅದಕ್ಕೇ ಲಿಫ್ಟ್ ಮಾಡಿಸೋಣ ಅಂತಿದ್ದೇನೆ. ಕೇಳಿದ ಕಡೆಯಲ್ಲೆಲ್ಲ ಒಂದೊಂದು ಹೇಳುತ್ತಾರೆ. ಒಬ್ಬರು 2 ಇಂಚಿನ ಪೂರ್ತಿ ಕಿಟ್ ಹಾಕಿಸು ಅಂತಾರೆ, ಅಂದರೆ ಪ್ಲೇಟ್ ಸ್ಪ್ರಿಂಗು (ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು), ಶಾಕ್ ಅಬ್ಸಾರ್ಬರ್, ಬುಶ್ ಎಲ್ಲಾ ಸೇರಿ. ಇನ್ನೊಬ್ಬರು ಉದ್ದ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಹಿಡಿಸುವ ಪಟ್ಟಿ) ಸಾಕು ಅಂತಾರೆ. ಮತ್ತೊಬ್ಬರು ಸ್ಪ್ರಿಂಗನ್ನು ಆಕ್ಸಲ್, ಅಂದರೆ ಎರಡು ಚಕ್ರ ಜೋಡಿಸುವ ಅಚ್ಚಿನ ಮೇಲೆ ಕೂರಿಸು ಅಂದರು. ಬಾಡಿ ಲಿಫ್ಟ್ ಅಂತಲೂ ಒಂದಿದೆಯಂತೆ. ನನ್ನ ಕೈಯಲ್ಲಿರುವುದು 70 ಸಾವಿರ. ಯಾವುದು ಸರಿ?

ಬೆಂಗಳೂರು ಆಫ್‌ರೋಡ್

ಬ್ರೋ, ಸ್ಪ್ರಿಂಗ್ ಓವರ್ ಮಾಡಿಸಿ. ಜಿಪ್ಸಿಯಲ್ಲಿ ಕಂಪನಿಯಿಂದ ಸ್ಪ್ರಿಂಗ್ ಬರುವುದು ಆಕ್ಸಲ್ ಕೆಳಗೆ. ಅದನ್ನು ಮೇಲಕ್ಕೆ ತಂದರೆ ಹತ್ತಿರ ಹತ್ತಿರ 5 ಇಂಚು ಸಿಗುತ್ತದೆ. ನಾನು ಮಾಡಿಸಿದ್ದೇನೆ, 31 ಇಂಚಿನ ಟೈರ್ ಆರಾಮಾಗಿ ಕೂತಿದೆ. ಬಂಡೆ ಹತ್ತುವಾಗ ಚಕ್ರ ಎಷ್ಟು ಕೆಳಗೆ ಇಳಿಯುತ್ತದೆ ಅಂದರೆ ನೋಡೋಕೇ ಖುಷಿ.

ಚಾರ್ಮಾಡಿ ತಿರುವು

ಮೂಡಿಗೆರೆಯವರೇ, ಯಾವುದು ಬೇಕಾದರೂ ಹಾಕಿಸಿ, ಉದ್ದ ಶ್ಯಾಕಲ್ ಮಾತ್ರ ಬೇಡ. ನಾನು ಅನುಭವಿಸಿದ್ದೇನೆ.

ನಾಲ್ಕು ವರ್ಷದ ಹಿಂದೆ ನನ್ನ ಜಿಪ್ಸಿಗೆ ಒಂದು ಗ್ಯಾರೇಜಿನಲ್ಲಿ ನಾಲ್ಕೂ ಕಡೆ ಉದ್ದ ಶ್ಯಾಕಲ್ ಹಾಕಿದರು. ಅರ್ಧ ದಿನದ ಕೆಲಸ. ನೋಡಲು ಚೆನ್ನಾಗಿಯೇ ಇತ್ತು. ಮೊದಲ ವಾರವೇ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟ್ ಇಳಿದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುತ್ತಿರಲಿಲ್ಲ. ನೇರ ರಸ್ತೆಯಲ್ಲೂ ಗಾಡಿ ಆ ಕಡೆ ಈ ಕಡೆ ತೇಲುತ್ತಿತ್ತು. ಎದುರಿಗೆ ಬಸ್ ಬಂದಾಗ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತಿದ್ದೆ. ಹಿಂದೆ ಹೆಂಡತಿ ಮಕ್ಕಳಿದ್ದರು. ಉಜಿರೆ ತಲುಪುವ ಹೊತ್ತಿಗೆ ಅಂಗಿ ಪೂರ್ತಿ ಒದ್ದೆಯಾಗಿತ್ತು.

ಮರುದಿನವೇ ಬಿಚ್ಚಿಸಿದೆ. ಬಿಚ್ಚುವಾಗ ಜಾಕ್ ಹಾಕಿ ಚಾಸಿ ಎತ್ತಿದರೆ ಮುಂದಿನ ಬ್ರೇಕ್ ಹೋಸ್ ತಂತಿಯ ಹಾಗೆ ಬಿಗಿದು ನಿಂತಿತ್ತು. ಬೆರಳಲ್ಲಿ ಮೀಟಿದರೆ ಸದ್ದು ಬರುವಷ್ಟು. ಒಂದು ದೊಡ್ಡ ಗುಂಡಿಗೆ ಚಕ್ರ ಇಳಿದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ಐಟಿಐ ಮೇಷ್ಟ್ರು

ನಾನು ಮೋಟಾರ್ ಮೆಕ್ಯಾನಿಕ್ ಪಾಠ ಮಾಡುವವನು. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಚಾರ್ಮಾಡಿಯವರ ಗಾಡಿಗೆ ಏನಾಯಿತು ಅಂತ ಹೇಳುತ್ತೇನೆ. ಜಿಪ್ಸಿಯ ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಇರುವುದು ಮುಂದುಗಡೆ. ಹಿಂದಿನ ತುದಿ ಚಾಸಿಗೆ ನೇರವಾಗಿ ಕಚ್ಚಿಕೊಂಡಿರುತ್ತದೆ. ಶ್ಯಾಕಲ್ ಉದ್ದ ಮಾಡಿದರೆ ಸ್ಪ್ರಿಂಗಿನ ಮೂತಿ ಮಾತ್ರ ಕೆಳಗೆ ಹೋಗುತ್ತದೆ. ಸ್ಪ್ರಿಂಗಿನ ಜೊತೆಗೆ ಆಕ್ಸಲ್ಲೂ ಮುಂದಕ್ಕೆ ಹೊರಳುತ್ತದೆ. ಆಗ ಕ್ಯಾಸ್ಟರ್ ಕಮ್ಮಿಯಾಗುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ಲ, ಅದೇ ಲೆಕ್ಕ. ಆ ಓರೆ ಇರುವುದರಿಂದಲೇ ಹ್ಯಾಂಡಲ್ ನೇರಕ್ಕೆ ಬರುವುದು. ಅದು ಹೋದರೆ ಗಾಡಿ ತೇಲುತ್ತದೆ. ಇಷ್ಟೆಲ್ಲ ಮಾಡಿಯೂ ಸಿಗುವ ಎತ್ತರ ಅರ್ಧವೇ. ಶ್ಯಾಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏಳುವುದು 1 ಇಂಚು.

ಈಗ ಮುಖ್ಯ ವಿಷಯ. ಮೂಡಿಗೆರೆಯವರೇ, ನಿಮ್ಮ ಗಾಡಿಯಲ್ಲಿ ದಿಂಡಿಗೆ ತಾಗಿದ್ದು ಏನು? ಡಿಫರೆನ್ಷಿಯಲ್. ಅದು ಇರುವುದು ಆಕ್ಸಲ್ಲಿನಲ್ಲಿ. ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್. ಲಿಫ್ಟ್ ಕಿಟ್ ಎತ್ತುವುದು ಸ್ಪ್ರಿಂಗಿನ ಮೇಲಿರುವುದನ್ನು, ಅಂದರೆ ಚಾಸಿ, ಬಾಡಿ, ಟ್ರಾನ್ಸ್‌ಫರ್ ಕೇಸ್. ಆಕ್ಸಲ್ ನೆಲದಿಂದ ಎಷ್ಟು ಎತ್ತರ ಇತ್ತೋ ಅಷ್ಟೇ ಇರುತ್ತದೆ. 2 ಇಂಚಲ್ಲ, 5 ಇಂಚಿನ ಲಿಫ್ಟ್ ಹಾಕಿಸಿದರೂ ನಿಮ್ಮ ಡಿಫರೆನ್ಷಿಯಲ್ ಅದೇ ದಿಂಡಿಗೆ, ಅದೇ ಜಾಗದಲ್ಲಿ ತಾಗುತ್ತದೆ. ಅದನ್ನು ಎತ್ತುವುದು ಟೈರ್ ಒಂದೇ.

ಲೆಕ್ಕ ನೋಡಿ. 205/70 ಆರ್15 ಟೈರಿನ ಎತ್ತರ ಸುಮಾರು 668 ಮಿ.ಮೀ. 215/75 ಆರ್15 ಹಾಕಿದರೆ 703. ಎತ್ತರ ಹೆಚ್ಚಿದ್ದರಲ್ಲಿ ಅರ್ಧ ಆಕ್ಸಲ್ಲಿಗೆ ಸಿಗುತ್ತದೆ, ಅಂದರೆ 18 ಮಿ.ಮೀ. 235/75 ಹಾಕಿದರೆ ಟೈರ್ 733, ಆಕ್ಸಲ್ಲಿಗೆ 33 ಮಿ.ಮೀ. ಹಾಗಂತ 235ಕ್ಕೆ ಹಾರಬೇಡಿ. ಸ್ಪೀಡೋಮೀಟರ್ ಸುಮಾರು 10 ಪರ್ಸೆಂಟ್ ಕಮ್ಮಿ ತೋರಿಸುತ್ತದೆ. ಗೇರ್ ಕೂಡ ಅಷ್ಟೇ ಭಾರವಾಗುತ್ತದೆ. ಕಾರ್ಬ್ಯುರೇಟರ್ ಇಂಜಿನ್ ಡ್ರಮ್ಮು ಹೊತ್ತು ಏರು ಹತ್ತಬೇಕು, ಅದನ್ನು ಮರೆಯಬಾರದು.

ಕಿಟ್ ಆರ್ಡರ್ ಮಾಡುವ ಮೊದಲು ಗಾಡಿ ಅಳೆಯಿರಿ. ಸಮ ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ. ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪ್ ಹಿಡಿಯಿರಿ. ಡಿಫರೆನ್ಷಿಯಲ್ ಕೆಳಗಿನಿಂದ ನೆಲಕ್ಕೆ ಎಷ್ಟಿದೆ ನೋಡಿ. ಆಮೇಲೆ ಅಡಿಗೆ ಮಲಗಿ ಒಂದೊಂದು ಪ್ಲೇಟಿನ ಮೇಲೂ ಟಾರ್ಚ್ ಬಿಡಿ. 25 ವರ್ಷದ ಸ್ಪ್ರಿಂಗ್ ಕುಸಿದು ಕೂರದೆ ಇರುವುದಿಲ್ಲ.

ಬೆಂಗಳೂರು ಆಫ್‌ರೋಡ್

ಮೇಷ್ಟ್ರೇ, ಟೈರ್ ವಿಷಯ ಒಪ್ಪಿದೆ. ಆದರೆ ದೊಡ್ಡ ಟೈರ್ ಕೂರಬೇಕಾದರೆ ಲಿಫ್ಟ್ ಬೇಕೇ ಬೇಕಲ್ವಾ?

ಐಟಿಐ ಮೇಷ್ಟ್ರು

31 ಇಂಚಿಗೆ ಬೇಕು. 215/75ಕ್ಕೆ ಬೇಡ, ಸ್ಪ್ರಿಂಗ್ ಸರಿ ಇದ್ದರೆ ಸಾಕು.

ನೀವು ಸ್ಪ್ರಿಂಗ್ ಓವರ್ ಮಾಡಿಸಿದಾಗ ಏನೇನು ಬದಲಾಯಿಸಿದಿರಿ ಅಂತಲೂ ಬರೆಯಿರಿ. ಅವರಿಗೆ ಅದು ಗೊತ್ತಾಗಬೇಕು.

ಬೆಂಗಳೂರು ಆಫ್‌ರೋಡ್

ನಿಜ, ಅದನ್ನು ಬರೆಯಬೇಕಿತ್ತು. ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರುವ ಹೊಸ ಪ್ಯಾಡ್ ವೆಲ್ಡಿಂಗ್ ಆಯಿತು. ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಉದ್ದ ಸಾಲದೆ ಮತ್ತೆ ಮಾಡಿಸಿದೆ. ಸ್ಟೀರಿಂಗಿನಿಂದ ಚಕ್ರದ ಕಡೆ ಹೋಗುವ ರಾಡ್, ಡ್ರ್ಯಾಗ್ ಲಿಂಕ್, ತುಂಬಾ ಇಳಿಜಾರಾಗಿ, ಗುಂಡಿಗೆ ಬಿದ್ದಾಗಲೆಲ್ಲ ಸ್ಟೀರಿಂಗ್ ತಿರುಗುತ್ತಿತ್ತು. ಅದಕ್ಕೆ ಬಾಗಿದ ರಾಡ್ ಹಾಕಿಸಿದೆ. ಬ್ರೇಕ್ ಹೋಸ್, ಶಾಕ್, ಬಂಪ್ ಸ್ಟಾಪ್ ಎಲ್ಲಾ ಹೊಸದು. ಲೋ ಗೇರಿನಲ್ಲಿ ಜೋರಾಗಿ ಎಳೆದರೆ ಸ್ಪ್ರಿಂಗ್ ಎಸ್ ಆಕಾರಕ್ಕೆ ತಿರುಚಿ ಆಕ್ಸಲ್ ಮೂತಿ ಎತ್ತುತ್ತದೆ. ಅದಕ್ಕೊಂದು ಟ್ರ್ಯಾಕ್ಷನ್ ಬಾರ್. ಒಟ್ಟು ಎಂಟು ತಿಂಗಳು ಹಿಡಿಯಿತು. ದಿನಾ ಮೂಟೆ ಹೊರುವ ಗಾಡಿಗೆ ಇದು ಬೇಡ. ನನ್ನ ಮೊದಲ ಸಲಹೆ ವಾಪಸ್ ತಗೊಳ್ಳುತ್ತೇನೆ.

ಥಾರ್ 2013

ಮಧ್ಯೆ ಒಂದು ಪ್ರಶ್ನೆ. ನನ್ನದು ಮಹೀಂದ್ರ ಥಾರ್ ಸಿಆರ್‌ಡಿಇ, ಡೀಸೆಲ್. ಮುಂದಿನ ಬೋಲ್ಟ್ ಬಿಗಿ ಮಾಡಿದರೆ ಸುಮ್ನೆ ಎರಡು ಇಂಚು ಏಳುತ್ತದೆ ಅಂತ ಗ್ಯಾರೇಜಿನವರು ಹೇಳಿದರು. ಮಾಡಿಸಬಹುದಾ?

ಐಟಿಐ ಮೇಷ್ಟ್ರು

ನಿಮ್ಮದು ಬೇರೆ ಕಥೆ. ಸಿಆರ್‌ಡಿಇಗೆ ಹಿಂದೆ ಪ್ಲೇಟ್ ಇದ್ದರೂ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ಅಂದರೆ ಎರಡು ಚಕ್ರ ಬೇರೆ ಬೇರೆಯಾಗಿ ಆಡುತ್ತವೆ. ಸ್ಪ್ರಿಂಗಿನ ಕೆಲಸ ಮಾಡುವುದು ತಿರುಚುವ ಟಾರ್ಷನ್ ಬಾರ್. ಬಾರ್ ತಿರುಗಿಸಿ ಬಿಗಿ ಮಾಡಿದರೆ ಗಾಡಿ ಏಳುವುದು ನಿಜ. ಆದರೆ ಚಕ್ರ ಕೆಳಗೆ ಇಳಿಯಲು ಇದ್ದ ಜಾಗವನ್ನೇ ಕಿತ್ತು ಆ ಎತ್ತರ ಕೊಡುತ್ತದೆ. ಗುಂಡಿ ಬಂದಾಗ ಚಕ್ರ ಗಾಳಿಯಲ್ಲಿ ನೇತಾಡುತ್ತದೆ. ಚಕ್ರ ತಿರುಗಿಸುವ ಶಾಫ್ಟಿನ ಕೀಲು, ಸಿವಿ ಜಾಯಿಂಟ್, ಓರೆಯಾಗಿ ಓಡಿ ಓಡಿ ರಬ್ಬರ್ ಬೂಟ್ ಹರಿಯುತ್ತದೆ. ಗಟ್ಟಿ ಆಕ್ಸಲ್ ಇರುವ ಜಿಪ್ಸಿಗೆ ಆ ತೊಂದರೆ ಇಲ್ಲ. ನಿಮ್ಮ ಥಾರ್ ಕೂತಿರುವಷ್ಟನ್ನು ಮಾತ್ರ ಸರಿ ಮಾಡಿಸಿ, ಅದರ ಮೇಲೆ ಹೋಗಬೇಡಿ. ಮಾಡಿಸಿದ ಮೇಲೆ ಅಲೈನ್‌ಮೆಂಟ್ ಆಗಲೇಬೇಕು.

ಕೊಡಚಾದ್ರಿ ಜೀಪು

ನಾನು ಕೊಡಚಾದ್ರಿಗೆ ಜೀಪ್ ಓಡಿಸುವವನು. ಮಹೀಂದ್ರ, ಕಂಪನಿ ಎತ್ತರ, ಏನೂ ಲಿಫ್ಟ್ ಇಲ್ಲ. ಸೀಸನ್ನಿನಲ್ಲಿ ದಿನಕ್ಕೆ ಎರಡು ಮೂರು ಸಲ, ಸೀಟು ತುಂಬಾ ಜನ ಕೂರಿಸಿಕೊಂಡು ಹತ್ತುತ್ತೇನೆ.

ಅಣ್ಣಾ, ಜಾಡಿನೊಳಗೆ ಯಾಕೆ ಚಕ್ರ ಇಳಿಸುತ್ತೀರಿ? ಒಂದು ಕಡೆ ಚಕ್ರ ನಡುವಿನ ದಿಂಡಿನ ಮೇಲೆ, ಇನ್ನೊಂದು ಕಡೆ ಜಾಡಿನ ಆಚೆ ದಡದ ಮೇಲೆ. ಹಾಗೆ ಹಿಡಿದರೆ ಡಿಫರೆನ್ಷಿಯಲ್ ಕೆಳಗೆ ಖಾಲಿ ಜಾಡು ಬರುತ್ತದೆ, ದಿಂಡು ಬರುವುದಿಲ್ಲ. ಮಣ್ಣು ಜಾರುತ್ತಿದ್ದರೆ ಕಷ್ಟ, ಆದರೆ ನಿಧಾನಕ್ಕೆ ಅಭ್ಯಾಸ ಆಗುತ್ತದೆ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಹಿಡಿತ ಬರುತ್ತದೆ. ಟಾರ್ ರಸ್ತೆಗೆ ಬರುವ ಮುಂಚೆ ಮತ್ತೆ ತುಂಬಿಸಿ. ಆಮೇಲೆ ಮುಂದಿನ ಫ್ರೀ ವೀಲ್ ಹಬ್ (ಮುಂದಿನ ಚಕ್ರವನ್ನು ಅದರ ಶಾಫ್ಟಿಗೆ ಸೇರಿಸುವ ಭಾಗ) ಲಾಕ್ ಮಾಡಿದ್ದಿರಾ? ಎಷ್ಟೋ ಜನ ಲಿವರ್ ಮಾತ್ರ ಎಳೆದು ಹಬ್ ಮರೆಯುತ್ತಾರೆ.

ಮೂಡಿಗೆರೆ ಜಿಪ್ಸಿ

ಹಬ್ ಲಾಕ್ ಮಾಡಿದ್ದೆ ಅಣ್ಣ. ಆದರೆ ಚಕ್ರ ಎರಡೂ ಜಾಡಿನಲ್ಲೇ ಇತ್ತು, ನೀವು ಹೇಳಿದ್ದು ಸರಿ.

ಮೇಷ್ಟ್ರು ಹೇಳಿದ ಹಾಗೆ ಇವತ್ತು ಬೆಳಗ್ಗೆ ಕಾಫಿ ಕಣದಲ್ಲಿ ಗಾಡಿ ನಿಲ್ಲಿಸಿ ಅಳೆದೆ. ಸಿಮೆಂಟ್ ಕಣ, ಚೆನ್ನಾಗಿ ಸಮ ಇದೆ. ಹಿಂದೆ ಬಲಗಡೆ, ಎಡಗಡೆಗಿಂತ 26 ಮಿ.ಮೀ. ಕೆಳಗಿದೆ. ಮುಂದೆಯೂ ಬಲಗಡೆ 12 ಮಿ.ಮೀ. ಕಮ್ಮಿ. ಡಿಫರೆನ್ಷಿಯಲ್ ಕೆಳಗೆ 202 ಮಿ.ಮೀ. ಇದೆ. ಕಂಪನಿ ಲೆಕ್ಕ 210 ಅಲ್ವಾ? ಟೈರ್ ಸವೆದಿದೆ, ಅದಕ್ಕೇ ಇರಬೇಕು.

ಅಡಿಗೆ ಮಲಗಿ ಟಾರ್ಚ್ ಬಿಟ್ಟೆ. ಹಿಂದಿನ ಬಲಗಡೆ ಸ್ಪ್ರಿಂಗಿನಲ್ಲಿ ಮೇನ್ ಪ್ಲೇಟಿಗೆ ಬಾಗೇ ಇಲ್ಲ, ಹಲಗೆ ಹಾಗೆ ಚಪ್ಪಟೆಯಾಗಿದೆ. ಮಣ್ಣು ಕೆರೆದು ನೋಡಿದರೆ ಎರಡನೇ ಪ್ಲೇಟಿನಲ್ಲಿ, ಸ್ಪ್ರಿಂಗನ್ನು ಆಕ್ಸಲ್ಲಿಗೆ ಕಟ್ಟುವ ಯು ಬೋಲ್ಟಿನ ಪಕ್ಕ ಕೂದಲೆಳೆಯಷ್ಟು ಗೆರೆ ಕಂಡಿತು. ಗೆರೆಯ ಉದ್ದಕ್ಕೂ ಕೆಂಪು ತುಕ್ಕಿನ ಪುಡಿ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ. ಗೆರೆ ಬಾಯಿ ಬಿಟ್ಟಿತು. ಪ್ಲೇಟು ತುಂಡಾಗಿದೆ! ಇದೇ ಗಾಡಿಯಲ್ಲಿ ಹೋದ ವಾರ ಅಮ್ಮನನ್ನು ಚಿಕ್ಕಮಗಳೂರು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದಿದ್ದೆ.

ಸ್ಪ್ರಿಂಗ್ ಕೆಲಸದವನು

ನೋಡಿ ಅದೇ. ನಾನು ಹಾಸನದ ಕಡೆಯವನು, ಲಾರಿ ಸ್ಪ್ರಿಂಗ್ ಕೆಲಸ. ತುಕ್ಕಿನ ಪುಡಿ ಇದ್ದರೆ ತುಂಡಾಗಿ ಬಹಳ ದಿನ ಆಗಿದೆ ಅಂತ ಅರ್ಥ. ತುಂಡಾದ ತುದಿ ಒಂದಕ್ಕೊಂದು ಉಜ್ಜಿ ಪುಡಿ ಬರುವುದು. ಡ್ರಮ್ಮು, ಡ್ರೈವರ್ ಎರಡೂ ಬಲಗಡೆ ಕೂರುತ್ತವಾ ನೋಡಿಕೊಳ್ಳಿ. ಆ ಗಾಡಿಗೆ ಇನ್ನು ಲೋಡ್ ಹಾಕಬೇಡಿ.

ಹಳೇ ಪ್ಲೇಟಿಗೆ ಮತ್ತೆ ಬಾಗು ಕೊಡಬಹುದು. ನಾವು ದಿನಾ ಮಾಡುತ್ತೇವೆ. ಆದರೆ ಬೆಂಕಿಗೆ ಕೊಟ್ಟು, ಸರಿಯಾಗಿ ಎಣ್ಣೆಯಲ್ಲಿ ಅದ್ದಿ, ಹದ ಮಾಡಬೇಕು. ಸುಮ್ನೆ ತಣ್ಣಗೆ ಸುತ್ತಿಗೆಯಲ್ಲಿ ಬಡಿದು ಬಾಗಿಸಿ ಕೊಟ್ಟರೆ ಆರು ತಿಂಗಳಿಗೆ ಮತ್ತೆ ಕೂರುತ್ತದೆ. 25 ವರ್ಷದ, ಬಿರುಕು ಬಿಟ್ಟ ಸೆಟ್ಟಿಗೆ ನಾನಂತೂ ಆ ಕೆಲಸ ಹೇಳುವುದಿಲ್ಲ. ಒಂದು ಎಕ್ಸ್‌ಟ್ರಾ ಪ್ಲೇಟ್ ಸೇರಿಸಿ ಎತ್ತುವುದೂ ಬೇಡ. ಲೋಡ್ ಇದ್ದಾಗ ಸರಿ, ಖಾಲಿ ಓಡಿಸಿದರೆ ಬೆನ್ನು ಮುರಿಯುತ್ತದೆ. ಹೊಸ ಸೆಟ್ ಹಾಕಿಸಿ. ಎಡ ಬಲ ಜೊತೆಯಾಗಿ.

ಪರ್ತ್ ಕನ್ನಡಿಗ

ಆಸ್ಟ್ರೇಲಿಯಾದಿಂದ ನಮಸ್ಕಾರ. ನಮ್ಮ ಊರು ಸಕಲೇಶಪುರ, ಈಗ ಪರ್ತ್‌ನಲ್ಲಿದ್ದೇನೆ. ನಮ್ಮ ಜಿಪ್ಸಿಗೆ ಇಲ್ಲಿ ಸುಜುಕಿ ಸಿಯೆರಾ ಅಂತ ಹೆಸರು. ಅಮೆರಿಕದಲ್ಲಿ ಸಮುರಾಯ್. ಹಳೇ ಸಿಯೆರಾ ಇಟ್ಟುಕೊಂಡವರು ಇಲ್ಲಿ ಈಗಲೂ ಇದ್ದಾರೆ. ಓಲ್ಡ್ ಮ್ಯಾನ್ ಎಮು ತರದ ಕಂಪನಿಗಳು ಕಿಟ್ ಮಾರುವಾಗ ಮೊದಲು ಕೇಳುವುದು ಎತ್ತರ ಅಲ್ಲ, ತೂಕ. ಮುಂದೆ ಕಬ್ಬಿಣದ ಬಂಪರ್ ಇದೆಯಾ, ವಿಂಚ್ ಇದೆಯಾ, ಹಿಂದೆ ದಿನಾ ಎಷ್ಟು ಕೆಜಿ ಹೊರುತ್ತೀರಿ ಅಂತ ಕೇಳಿ ಅದಕ್ಕೆ ತಕ್ಕ ಸ್ಪ್ರಿಂಗ್ ಕೊಡುತ್ತಾರೆ. ನೀವೂ ಅಂಗಡಿಯವರಿಗೆ ಅದನ್ನೇ ಹೇಳಿ. ಬರೀ 2 ಇಂಚು ಅಂತ ಕೇಳಿದರೆ ಅವರು ಗಟ್ಟಿ ಸ್ಪ್ರಿಂಗ್ ಕೊಟ್ಟುಬಿಡಬಹುದು. ಸಾಫ್ಟ್ ಟಾಪ್ ಜಿಪ್ಸಿಯ ತೂಕ ಒಂದು ಟನ್ನೂ ಇಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಖಾಲಿ ಇದ್ದಾಗ ಚಕ್ರ ನೆಲ ಬಿಟ್ಟು ಕುಣಿಯುತ್ತದೆ.

ವಿದೇಶದ ಕಿಟ್ ತರಿಸುವುದಾದರೆ ಒಂದು ಎಚ್ಚರ. ಇಲ್ಲಿ ಚಿಕ್ಕ ವೀಲ್‌ಬೇಸ್ (ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ಅಂತರ) ಗಾಡಿಗಳೇ ಜಾಸ್ತಿ. ನಮ್ಮ ಜಿಪ್ಸಿಯ ವೀಲ್‌ಬೇಸ್ 2375 ಮಿ.ಮೀ. ಸ್ಪ್ರಿಂಗಿನ ಕಣ್ಣಿಂದ ಕಣ್ಣಿಗೆ (ಎರಡು ತುದಿಯ ತೂತುಗಳ ನಡುವೆ) ಉದ್ದ, ಪ್ಲೇಟಿನ ಅಗಲ, ಸೆಂಟರ್ ಬೋಲ್ಟ್ ಯಾವ ಜಾಗದಲ್ಲಿದೆ, ಮೂರನ್ನೂ ಅಳೆದು ಕಳಿಸಿ. ಆಮೇಲೆ ದುಡ್ಡು ಕೊಡಿ.

ಚಾರ್ಮಾಡಿ ತಿರುವು

ಆರ್‌ಟಿಒ ವಿಷಯ ಯಾರೂ ಹೇಳಲಿಲ್ಲ. 15 ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಸಿ ರಿನೀವಲ್‌ಗೆ ತೋರಿಸಲೇಬೇಕು. ಲಿಫ್ಟ್ ಆದ ಗಾಡಿಗೆ ತೊಂದರೆ ಆಗಲ್ವಾ?

ಐಟಿಐ ಮೇಷ್ಟ್ರು

ಆಗಬಹುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ ಅಂತ ಬಂದಿದೆ. ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ಕೆದಕುವುದು ಇದನ್ನೇ. ಹಳೇ ಸ್ಪ್ರಿಂಗ್ ತೆಗೆದು ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಹಾಕಿಸುವುದು ರಿಪೇರಿ. ಚಾಸಿ, ಆಕ್ಸಲ್ ಕೊಯ್ದು ವೆಲ್ಡ್ ಮಾಡುವುದು ಬೇರೆ. ಬಾಡಿ ಲಿಫ್ಟ್ ಕೂಡ ನಿಮಗೆ ಬೇಡ. ಅದು ಬಾಡಿ ಮತ್ತು ಚಾಸಿ ನಡುವೆ ಬ್ಲಾಕ್ ಇಡುವ ಕೆಲಸ. ಅಡಿಯಲ್ಲಿ ಒಂದು ಮಿ.ಮೀ. ಕೂಡ ಏಳುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ನಾಲ್ಕೂ ಕಡೆ ಹೊಸ ಸ್ಪ್ರಿಂಗ್, ಕಂಪನಿ ಎತ್ತರ. ಹೊಸ ಶಾಕ್, ಬುಶ್, ಶ್ಯಾಕಲ್ ಪಿನ್, ಯು ಬೋಲ್ಟ್. ಹಳೇ ಯು ಬೋಲ್ಟ್ ಮತ್ತೆ ಹಾಕಲೇಬೇಡಿ, ಒಮ್ಮೆ ಎಳೆದ ಥ್ರೆಡ್ ಮತ್ತೆ ಬಿಗಿ ಹಿಡಿಯುವುದಿಲ್ಲ. ಟೈರ್ 215/75. ಕೂತ ಗಾಡಿ ಕಂಪನಿ ಎತ್ತರಕ್ಕೆ ಬಂದರೇ ನಿಮಗೆ ಲಿಫ್ಟ್ ಹಾಕಿದ ಹಾಗೆ ಕಾಣುತ್ತದೆ.

ಒಂದು ಮಾತನ್ನು ಮೆಕ್ಯಾನಿಕ್‌ಗೆ ಎದುರು ನಿಂತು ಹೇಳಿ. ಸ್ಪ್ರಿಂಗಿನ ಕಣ್ಣಿನ ಬೋಲ್ಟ್, ಶ್ಯಾಕಲ್ ಬೋಲ್ಟ್ ಇವನ್ನು ಗಾಡಿ ಜಾಕ್ ಮೇಲಿರುವಾಗ ಪೂರ್ತಿ ಬಿಗಿ ಮಾಡಬಾರದು. ಚಕ್ರ ನೆಲಕ್ಕಿಳಿಸಿ, ಗಾಡಿಯ ಭಾರ ಸ್ಪ್ರಿಂಗಿನ ಮೇಲೆ ಬಂದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ಬುಶ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್ ಮತ್ತೆ ಬಿಗಿ ನೋಡಿಸಿ.

ಕಾಫಿತೋಟ

ನಾನೂ ಪಕ್ಕದ ಊರಿನವನೇ, ವಯಸ್ಸು ಅರವತ್ತೆಂಟು. ಮಗಾ, ಗಾಡಿ ಸರಿ ಮಾಡಿಸು, ಬೇಡ ಅನ್ನಲ್ಲ. ದಾರಿಯನ್ನೂ ಸ್ವಲ್ಪ ನೋಡು. ಆ ಜಾಡು ಆಗಿದ್ದು ಚಕ್ರದಿಂದ ಅಲ್ಲ, ನೀರಿಂದ. ಚಕ್ರ ಗೆರೆ ಹಾಕುತ್ತದೆ, ಮಳೆ ನೀರು ಆ ಗೆರೆ ಹಿಡಿದು ಕೊರೆಯುತ್ತದೆ. ಏರಿನಲ್ಲಿ ಹತ್ತಿಪ್ಪತ್ತು ಮಾರಿಗೊಂದು ಓರೆ ಕಣಿ ಹೊಡೆಸಿ ನೀರನ್ನು ತೋಟದ ಕಡೆ ತಿರುಗಿಸು. ಮೇ ತಿಂಗಳ ಒಳಗೆ ನಡುವಿನ ದಿಂಡು ಕೆತ್ತಿಸಿ ಜಾಡಿಗೆ ಕಲ್ಲು ತುಂಬಿಸು. ನಮ್ಮಲ್ಲಿ ಮೂರು ಆಳಿನ ನಾಲ್ಕು ದಿನದ ಕೆಲಸ. ಆಮೇಲೆ ವರ್ಷಾ ವರ್ಷ ಒಂದು ದಿನ ಸಾಕು.

ಮೂಡಿಗೆರೆ ಜಿಪ್ಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕೆಲಸ ಆಗಿ ಮೂರು ವಾರ ಆಯಿತು, ಅದಕ್ಕೇ ಬರೆಯಲು ಬಂದೆ.

ನಾಲ್ಕೂ ಕಡೆ ಹೊಸ ಸ್ಪ್ರಿಂಗ್, ಕಂಪನಿ ಎತ್ತರದ್ದೇ. ಮೇಷ್ಟ್ರು ಹೇಳಿದ ಪಟ್ಟಿಯನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಕಣ್ಣಿನ ಬೋಲ್ಟ್ ವಿಷಯ ಹೇಳಿದಾಗ ಮೆಕ್ಯಾನಿಕ್ ಒಂದು ಸಲ ನನ್ನ ಮುಖ ನೋಡಿದರು. ಆಮೇಲೆ ಗಾಡಿ ಇಳಿಸಿಯೇ ಬಿಗಿ ಮಾಡಿದರು. ಹಳೇ ಸ್ಪ್ರಿಂಗ್ ಬಿಚ್ಚಿದಾಗ ತುಂಡಾದ ಪ್ಲೇಟು ಎರಡು ಹೋಳಾಗಿ ಕೈಗೆ ಬಂತು. ಅದನ್ನು ಮನೆಗೆ ತಂದಿಟ್ಟಿದ್ದೇನೆ.

215/75 ಟೈರ್ ಹಾಕಿಸಿದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೂ ಎಲ್ಲೂ ಉಜ್ಜುತ್ತಿಲ್ಲ. ಅದೇ ಕಣದಲ್ಲಿ ಮತ್ತೆ ಅಳೆದೆ. ಡಿಫರೆನ್ಷಿಯಲ್ ಕೆಳಗೆ 227 ಮಿ.ಮೀ. ಹಿಂದಿನ ಬಲ ಮೂಲೆ 50 ಮಿ.ಮೀ. ಎದ್ದಿದೆ. ಅಪ್ಪ ಅಂಗಳದಿಂದ ನೋಡಿ, "ತಂದಾಗ ಹಿಂಗೇ ಇತ್ತು ಕಣೋ" ಅಂದರು. ಡ್ರಮ್ಮನ್ನು ಈಗ ನಡುವಿಗೆ ಕಟ್ಟುತ್ತಿದ್ದೇನೆ.

ಮೊನ್ನೆ ಜೋರು ಮಳೆಯಲ್ಲೇ ಮೇಲಿನ ಬ್ಲಾಕಿಗೆ ಹೋದೆ. ಕೊಡಚಾದ್ರಿ ಅಣ್ಣ ಹೇಳಿದ ಹಾಗೆ ದಿಂಡಿನ ಮೇಲೊಂದು ಚಕ್ರ, ದಡದ ಮೇಲೊಂದು ಚಕ್ರ. ಒಂದು ಕಡೆ ಜಾರಿ ಜಾಡಿಗೆ ಇಳಿಯಿತು. ಡಿಫರೆನ್ಷಿಯಲ್ ದಿಂಡಿಗೆ ಉಜ್ಜಿದ ಸದ್ದು ಕೇಳಿತು, ಆದರೆ ನಿಲ್ಲಲಿಲ್ಲ. ಹತ್ತಿತು. ಕಾಫಿತೋಟದ ದೊಡ್ಡಪ್ಪ ಹೇಳಿದ ಕಣಿಗಳಲ್ಲಿ ಮೂರು ಆಗಿದೆ. ಮಿಕ್ಕಿದ್ದು ಮಳೆ ಬಿಟ್ಟ ಮೇಲೆ.

ಒಂದೇ ಒಂದು ಅನುಮಾನ ಉಳಿದಿದೆ. 60ರ ಹತ್ತಿರ ಸಣ್ಣ ನಡುಕ ಬರುತ್ತದೆ. ಸೀಟಿನಲ್ಲಿ ಗೊತ್ತಾಗುತ್ತದೆ, ಸ್ಟೀರಿಂಗಿನಲ್ಲಿ ಇಲ್ಲ.

ಐಟಿಐ ಮೇಷ್ಟ್ರು

ಬಹಳ ಸಂತೋಷ. ಸ್ಟೀರಿಂಗಿನಲ್ಲಿ ಇಲ್ಲ ಅಂದರೆ ಹಿಂದುಗಡೆಯದ್ದು. ಮೊದಲು ಹಿಂದಿನ ಎರಡು ಚಕ್ರ ಮತ್ತೆ ಬ್ಯಾಲೆನ್ಸ್ ಮಾಡಿಸಿ. ಹೋಗದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಇಷ್ಟು ವರ್ಷ ಕೂತ ಸ್ಪ್ರಿಂಗಿನ ಓರೆಗೆ ಕ್ರಾಸ್ (ಶಾಫ್ಟಿನ ತುದಿಯ ಕೀಲು) ಸವೆದಿರುತ್ತದೆ, ಈಗ ಓರೆ ಬದಲಾದಾಗ ಸಡಿಲ ಗೊತ್ತಾಗುತ್ತದೆ. ಸ್ವಲ್ಪ ಅಲುಗಿದರೂ ಎರಡೂ ಕ್ರಾಸ್ ಬದಲಾಯಿಸಿಬಿಡಿ. ಶಾಫ್ಟ್ ಬಿಚ್ಚುವ ಮುಂಚೆ ಫ್ಲಾಂಜಿನ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಹಾಗೇ ವಾಪಸ್ ಕೂರಿಸಿ.

ಮೂಡಿಗೆರೆ ಜಿಪ್ಸಿ

ಈಗಷ್ಟೇ ಅಡಿಗೆ ಹೋಗಿ ಅಲುಗಿಸಿ ನೋಡಿದೆ ಮೇಷ್ಟ್ರೇ. ಹಿಂದಿನ ಕ್ರಾಸ್ ಟಕ್ ಟಕ್ ಅನ್ನುತ್ತಿದೆ. ಸೋಮವಾರ ಸಂತೆಗೆ ಹೋದಾಗ ತರುತ್ತೇನೆ.